ಹದಿನಾಲ್ಕು ಮಿಸ್ಡ್ ಕಾಲ್

ಅಸೂಟಿಯಲ್ಲಿ ದುರಗೇಶನ ಮನೆಯ ಮಾಳಿಗೆಯ ಮೇಲೆ ನೆಟ್‌ವರ್ಕ್ ಸಿಗುವ ಜಾಗ ಒಂದೇ ಒಂದಿತ್ತು. ಬೆಳಕಿಂಡಿಯ ಪಡುವಣ ಮಗ್ಗುಲಿಗೆ, ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂರುವಷ್ಟು. ಶ್ರಾವಣದ ಆ ದಿನಗಳಲ್ಲಿ ದುರಗೇಶ ದಿನವೂ ಅಲ್ಲಿ ಕೂತು, ತಲೆಯ ಮೇಲೊಂದು ಟವೆಲ್ ಹೊದ್ದು, ಕಿವಿಗೆ ವೈರು ಸಿಕ್ಕಿಸಿಕೊಂಡು ಲೀನ್ ಸ್ಟಾರ್ಟಪ್ ಎಂಬ ನಾಲ್ಕು ವಾರದ ಆನ್‌ಲೈನ್ ಕೋರ್ಸು ಮಾಡುತ್ತಿದ್ದ. ಕೆಳಗಿನಿಂದ ನೋಡಿದವರಿಗೆ ಅವನು ಯಾವುದೋ ಹರಕೆ ತೀರಿಸುತ್ತಿರುವಂತೆ ಕಾಣುತ್ತಿತ್ತು.

ಕೋರ್ಸಿನ ತಿರುಳು ಕಷ್ಟದ್ದೇನಲ್ಲ. ಹೊಸ ಉದ್ಯೋಗ ಶುರುಮಾಡುವವನು ಮೊದಲೇ ದೊಡ್ಡ ಬೋರ್ಡು ಹಾಕಬಾರದು. ಜನರಿಗೆ ಎಲ್ಲಿ ತೊಂದರೆಯಿದೆ ಎಂದು ಅವರನ್ನೇ ಕೇಳಬೇಕು. ಕೈಯಲ್ಲಿರುವುದರಲ್ಲೇ ಚಿಕ್ಕದೊಂದು ಉಪಾಯ ಮಾಡಿ ಅವರ ಮುಂದಿಟ್ಟು, ಏನಾಗುತ್ತದೆ ನೋಡಬೇಕು. ತಪ್ಪಿದರೆ ಬೇಗ ತಪ್ಪಬೇಕು, ಬೇಗ ತಿದ್ದಿಕೊಳ್ಳಬೇಕು. ಇದನ್ನೆಲ್ಲ ಪರದೆಯ ಮೇಲೆ ನೀಲಿ ಅಂಗಿಯ ಒಬ್ಬ ಮನುಷ್ಯ ನಗುನಗುತ್ತ ಹೇಳುತ್ತಿದ್ದ. ದುರಗೇಶನಿಗೆ ಗಂಟಲಲ್ಲಿ ಇಳಿಯದೆ ಉಳಿದದ್ದು ಒಂದೇ ಮಾತು: ಎರಡನೆಯ ವಾರ ಮುಗಿಯುವುದರೊಳಗೆ ಇಪ್ಪತ್ತು ಜನರ ಜೊತೆ ಮಾತಾಡಿರಬೇಕು.

ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿದ ಎರಡು ವರ್ಷಗಳಲ್ಲೂ ಅವನು ಇಪ್ಪತ್ತು ಜನರ ಜೊತೆ ಮಾತಾಡಿರಲಿಲ್ಲ. ಅವನಿಗೆ ಮೌನದ ಮೇಲೆ ಪ್ರೀತಿ. ಮೌನಗಳಲ್ಲಿ ಬಗೆಗಳಿವೆಯೆಂದೂ, ಅವನ್ನು ಕೇಳಿಸಿಕೊಳ್ಳುವ ಕಿವಿ ತನಗೆ ಮಾತ್ರ ಇದೆಯೆಂದೂ ನಂಬಿದ್ದ. ಉಂಡ ಮೇಲಿನ ಮೌನ, ಬಸ್ಸು ತಪ್ಪಿದವರ ಮೌನ, ಸುಣ್ಣ ಬಳಿದ ಗೋಡೆಯ ಮೌನ ಎಂದು ಒಂದು ನೋಟುಬುಕ್ಕಿನಲ್ಲಿ ಪಟ್ಟಿಯನ್ನೂ ಮಾಡಿದ್ದ. ತನ್ನದು ಚಿಂತನೆ ಎಂದು ಅವನು ತಿಳಿದಿದ್ದ. ಹೊಟ್ಟೆ ಕಟ್ಟಿದೆ ಎಂದು ಮನೆಯವರು ತಿಳಿದು ಎರಡು ಸಲ ಔಡಲೆಣ್ಣೆ ಕುಡಿಸಿದ್ದರು.

ಇಂಥವನಿಗೆ ಉದ್ಯೋಗದ ಉಪಾಯ ಹೊಳೆದದ್ದು ಸಕ್ಕೂಬಾಯಿ ಅತ್ತೆಯ ಕಾಲಿನಿಂದ.

ಸಕ್ಕೂಬಾಯಿ ಅವನ ತಂದೆಯ ಅಕ್ಕ. ಅದೇ ಊರಿಗೆ ಮದುವೆಯಾಗಿ, ಗಂಡ ತೀರಿದ ಮೇಲೂ ಮೂರು ಎಕರೆ ಹೊಲವನ್ನು ಒಬ್ಬಳೇ ಮಾಡಿಸಿಕೊಂಡು ಬಂದವಳು. ಆ ವರ್ಷ ಮೂರೂ ಎಕರೆ ಹೆಸರು ಹಾಕಿದ್ದಳು, ಬೆಳೆ ಚೆನ್ನಾಗಿಯೇ ಬಂದಿತ್ತು. ಕಾಯಿ ಕಪ್ಪಾಗುವ ಹೊತ್ತಿಗೆ ಸರಿಯಾಗಿ ಹಿತ್ತಿಲ ಮೆಟ್ಟಿಲಲ್ಲಿ ಕಾಲು ಜಾರಿ ಕಣಕಾಲು ಉಳುಕಿತು. ಹೆಸರು ಬಿಡಿಸುವುದು ಆಮೇಲೆ ನೋಡೋಣ ಎನ್ನುವಂಥ ಕೆಲಸವಲ್ಲ. ಒಣಗಿದ ಕಾಯಿಯ ಮೇಲೆ ಒಂದು ಜಡಿಮಳೆ ಹಿಡಿದರೆ ಗಿಡದಲ್ಲೇ ಮೊಳಕೆಯೊಡೆದು, ಕಾಳು ದನಕ್ಕೂ ಬೇಡವಾಗುತ್ತದೆ. ನರಗುಂದದ ಗುಡ್ಡದ ಕಡೆ ದಿನಾ ಸಂಜೆ ಮೋಡ ಕಟ್ಟುತ್ತಿತ್ತು.

"ಯಾರರ ಹೋಗಿ ಆಳಿಗೆ ಹೇಳಿ ಬರ್ರೋ," ಎಂದಳು ಸಕ್ಕೂಬಾಯಿ, ಅರಿಶಿನ ಮೆತ್ತಿದ ಕಾಲನ್ನು ತೋರಿಸಿ. "ಈ ಕುಂಬಳಕಾಯಿ ಕಟಗೊಂಡು ನಾ ಓಣಿ ಓಣಿ ಹ್ಯಾಂಗ ಅಡ್ಡಾಡ್ಲಿ?"

ದುರಗೇಶನ ತಲೆಯಲ್ಲಿ ನೀಲಿ ಅಂಗಿಯವನು ಚಪ್ಪಾಳೆ ತಟ್ಟಿದ. ಸಮಸ್ಯೆ! ಮೊದಲನೆಯ ವಾರದಿಂದ ಹುಡುಕುತ್ತಿದ್ದ ಸಮಸ್ಯೆ ಅತ್ತೆಯ ಪಡಸಾಲೆಯಲ್ಲೇ ಕಾಲು ಚಾಚಿ ಕೂತಿತ್ತು.

"ಅತ್ತೀ, ಓಣಿಗೆ ಹೋಗೂದ ಬ್ಯಾಡ. ಫೋನ್ ಮ್ಯಾಲ ಆಕ್ಕೈತಿ. ನಾ ನೋಡ್ಕೋತೀನಿ."

"ಫೋನ್ ಮ್ಯಾಲ ಹೆಸರ ಬಿಡಸ್ತೀ?"

"ಆಳು ಕರಸ್ತೀನಿ."

ಸಕ್ಕೂಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಧಾರವಾಡದಿಂದ ಬಂದು ಮೂರ ವರ್ಷ ಆತು. ನೋಡ್ಕೋತೀನಿ ಅಂತ ಇದ ಮೊದಲನೇ ಸಲ ಅಂದೀ. ಒಲ್ಲೆ ಅಂದ್ರ ನಂಗ ಪಾಪ ಬರ್ತೈತಿ. ನೋಡ್ಕೋ. ಆದ್ರ ತಮ್ಮಾ, ಗುರುವಾರ ದಾಟಬಾರ್ದು."

ಹೀಗೆ ಮೂರು ಎಕರೆ ಹೆಸರು, ಮೇಲಿನ ಮೋಡ ಸಮೇತ, ಅವನ ಕೈಗೆ ಬಂತು.

ಉಪಾಯ ಇಷ್ಟೇ. ಕೂಲಿಗೆ ಬರುವ ಹೆಣ್ಣುಮಕ್ಕಳ ಫೋನ್ ನಂಬರು ಒಂದು ಕಡೆ ಇರಬೇಕು. ಹೊಲದವರಿಗೆ ಆಳು ಬೇಕಾದಾಗ ಎಲ್ಲರಿಗೂ ಒಂದೇ ಸಲ ಸುದ್ದಿ ಹೋಗಬೇಕು, ಬರುವವರು ಬರುತ್ತೇವೆ ಎಂದು ತಿಳಿಸಬೇಕು. ಇದಕ್ಕೆ ಒಂದು ಹೆಸರಿಡಲು ಅವನಿಗೆ ಒಂದು ದಿನ ಹಿಡಿಯಿತು, ಲೋಗೋ ಬರೆಯಲು ಎರಡು ದಿನ. ಇಪ್ಪತ್ತು ಜನರನ್ನು ಕೇಳುವ ಕೆಲಸ ಮಾತ್ರ ಹಾಗೇ ಉಳಿಯಿತು. ಕೂಲಿಗೆ ಬರುವ ದೇವವ್ವ ಮತ್ತು ಅವಳ ಜೊತೆಯವರು ಇದ್ದದ್ದು ಅವನ ಮನೆಯ ಹಿಂದಿನ ಓಣಿಯಲ್ಲಿ, ನೂರು ಹೆಜ್ಜೆಯೂ ಇಲ್ಲ. ಆದರೆ ಗುರುತಿನವರ ಮುಂದೆ ನಿಂತು ಪ್ರಶ್ನೆ ಕೇಳುವುದೆಂದರೆ ಅವನಿಗೆ ಅಂಗೈ ಬೆವರುತ್ತಿತ್ತು. ಆದ್ದರಿಂದ ನೂರು ಹೆಜ್ಜೆ ಉಳಿಸಲು ಅವನು ಬೈಕು ಹತ್ತಿ ರೋಣದ ಬಸ್‌ಸ್ಟ್ಯಾಂಡು, ನರಗುಂದದ ಕಾಳಿನ ಪೇಟೆ, ಗಜೇಂದ್ರಗಡದ ಸಂತೆ ಎಲ್ಲ ಸುತ್ತಿ, ಗುರುತಿಲ್ಲದ ಇಪ್ಪತ್ತು ಜನರನ್ನು ಹಿಡಿದು ಕೇಳಿದ. ಇಪ್ಪತ್ತೂ ಜನ "ಚಲೋ ಐತ್ರಿ" ಎಂದರು.

ಈ ಯಶಸ್ಸನ್ನು ಅವನು ಮೊದಲು ಹೇಳಿದ್ದು ರೋಣದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಮುಜಫ್ಫರನಿಗೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು, ಬೆಂಚಿನ ಮೇಲಿನ ಮಾತನ್ನೆಲ್ಲ ಆಡಿದವನು ಮುಜಫ್ಫರನೊಬ್ಬನೇ.

"ಕುಂತು ಅಂದ್ರೋ, ನಿಂತು ಅಂದ್ರೋ?" ಎಂದು ಕೇಳಿದ ಮುಜಫ್ಫರ, ಒಂದು ಫೋನಿನ ಬೆನ್ನು ಬಿಚ್ಚುತ್ತ.

"ನಿಂತು."

"ನಿಂತೋ, ಹೋಗ್ಕೋತನೋ?"

ದುರಗೇಶ ನೆನಪಿಸಿಕೊಂಡ. "ಅರ್ಧಾ ಮಂದಿ ಹೋಗ್ಕೋತ."

"ದೋಸ್ತ, ನಮ್ಮ ಕಡೆ ಮಂದಿ ಮಾರಿ ಮ್ಯಾಲ ಬ್ಯಾಡ ಅನ್ನಂಗಿಲ್ಲ, ಚಲೋ ಐತಿ ಅಂತಾರ. ನನ್ನ ಅಂಗಡ್ಯಾಗ ದಿನಾ ನಲವತ್ತ ಮಂದಿ ಮೊಬೈಲ್ ನೋಡಿ ಚಲೋ ಐತಿ ಅಂದು ಹೋಗ್ತಾರ. ಇದೇನ್ ಚಲೋ ಇಲ್ಲಪಾ ಅಂತ ತಕರಾರ ತಗಿಯಾಂವ ಒಬ್ಬ ಇರ್ತಾನಲಾ, ಅಂವ ತಗೊಂಡು ಹೋಗ್ತಾನ."

ಮಾತು ಖರೆ ಎಂದು ದುರಗೇಶನಿಗೆ ಅನಿಸಿತು. ಅನಿಸಿದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡ. ಬರೆದ ಮೇಲೆ ಕೆಲಸ ಮುಗಿಯಿತೆಂದು ಮುಜಫ್ಫರನಿಂದ ಹೊಸದೊಂದು ಸಿಮ್ ತೆಗೆದುಕೊಂಡು ಮನೆಗೆ ಬಂದ.

ದೇವವ್ವನ ಸೊಸೆ ದುರ್ಗಾಳಿಗೆ ಮೆಸೇಜು ಹಾಕಿ ಹದಿನಾಲ್ಕು ನಂಬರು ತರಿಸಿಕೊಂಡ. ಅವಳು ಹೆಸರು ಸಮೇತ ಕಳಿಸಿದ್ದಳು. ಅವನು ಕೋರ್ಸಿನ ಪದ್ಧತಿಯಂತೆ ಹೆಸರು ತೆಗೆದು ಗ್ರಾಹಕ ಒಂದು, ಗ್ರಾಹಕ ಎರಡು ಎಂದು ಉಳಿಸಿಕೊಂಡ. ಆಮೇಲೆ ಮಾಳಿಗೆ ಹತ್ತಿ ಒಂದು ಧ್ವನಿ ಸಂದೇಶ ಮಾಡಿದ. ಒಂಬತ್ತು ಸಲ ಮಾಡಿದ. ಮೊದಲನೆಯದರಲ್ಲಿ ಶೋಕಸಭೆಯ ದನಿ, ನಾಲ್ಕನೆಯದರಲ್ಲಿ ನಡುವೆ ಕೆಮ್ಮು, ಎಂಟನೆಯದರಲ್ಲಿ ಕೆಳಗಿನಿಂದ ಅವ್ವ "ಯಾರ ಕೂಡ ಮಾತಾಡಾಕತ್ತೀಯೋ?" ಎಂದು ಬೆಚ್ಚಿ ಕೂಗಿದ್ದೂ ಸೇರಿತ್ತು. ಒಂಬತ್ತನೆಯದು ಹದಿನಾಲ್ಕು ಫೋನಿಗೂ ಹೋಯಿತು: "ನಮಸ್ಕಾರ್ರೀ. ನಾಳಿ ಗುರುವಾರ ಮುಂಜಾನಿ ಏಳಕ್ಕ ಸಕ್ಕೂಬಾಯಿಯವರ ಹೊಲದಾಗ ಹೆಸರ ಬಿಡಸೂದೈತಿ. ಬರೋರು ಈ ನಂಬರಿಗೆ ಒಂದ ಮಿಸ್ಡ್ ಕಾಲ್ ಕೊಡ್ರಿ."

ಮೂರು ನಿಮಿಷದಲ್ಲಿ ಮೊದಲನೆಯ ಮಿಸ್ಡ್ ಕಾಲ್ ಬಂತು. ದೀಪ ಹಚ್ಚುವ ಹೊತ್ತಿಗೆ ಹದಿನಾಲ್ಕೂ ಬಂದವು. ಒಬ್ಬರಂತೂ ಎರಡು ಸಲ ಕೊಟ್ಟಿದ್ದರು. ದುರಗೇಶ ಕೂತಲ್ಲಿಂದ ಏಳದೆ, ಎದ್ದರೆ ನೆಟ್‌ವರ್ಕಿನ ಜೊತೆ ಭಾಗ್ಯವೂ ಹೋದೀತೆಂಬಂತೆ, ಆ ಪಟ್ಟಿಯನ್ನೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಅವನ ಕಣ್ಣಮುಂದೆ ರೋಣ, ನರಗುಂದ, ಗಜೇಂದ್ರಗಡದ ಹೊಲಗಳೆಲ್ಲ ಒಂದು ಬೆರಳಿನಡಿ ಬಂದು ಕೂತವು. ಕೆಳಗಿಳಿದು ಅತ್ತೆಯ ಮನೆಗೆ ಹೋಗಿ, "ಹದಿನಾಲ್ಕು," ಎಂದಷ್ಟೇ ಹೇಳಿ ಬಂದ. ಅದಕ್ಕಿಂತ ಹೆಚ್ಚು ಹೇಳಿದರೆ ಹೆಮ್ಮೆಯಾದೀತೆಂದು.

ಅವನು ಕೆಟ್ಟದ್ದು ಮೂರನೆಯ ವಾರದ ಒಂದು ಪಾಠದಿಂದ. ಪ್ರಯೋಗ ನಡೆಯುವಾಗ ನಡುವೆ ಕೈ ಹಾಕಬೇಡಿ ಎಂದಿದ್ದ ನೀಲಿ ಅಂಗಿಯವನು. ಗ್ರಾಹಕನಿಗೆ ನೆನಪಿಸಬೇಡಿ, ಒತ್ತಾಯ ಮಾಡಬೇಡಿ, ನೀವು ನೂಕಿದರೆ ನಡೆದದ್ದು ನಿಮ್ಮ ನೂಕಿನಿಂದಲೋ ನಿಮ್ಮ ಉಪಾಯದಿಂದಲೋ ಗೊತ್ತಾಗುವುದಿಲ್ಲ, ಸುಮ್ಮನಿದ್ದು ನೋಡಿ. "ಸುಮ್ಮನಿದ್ದು ನೋಡಿ" ಎಂಬ ಮಾತು ಕೇಳಿ ದುರಗೇಶನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಪ್ಪತ್ತಾರು ವರ್ಷ ಬೈಸಿಕೊಂಡ ತನ್ನ ಸ್ವಭಾವ ಕೊನೆಗೂ ಒಂದು ಶಾಸ್ತ್ರವಾಗಿತ್ತು.

ಗುರುವಾರ ಮುಂಜಾನೆ ಆರೂವರೆಗೆ ಅವನು ಬೈಕು ತೆಗೆದು ಹಿಂದಿನ ಓಣಿಯಿಂದಲೇ ಹೊಲಕ್ಕೆ ಹೊರಟ. ಓಣಿಯ ಮೊದಲನೆಯ ಕಟ್ಟೆಯ ಮೇಲೆ ದೇವವ್ವ ಕೂತಿದ್ದಳು. ತಲೆಗೆ ವಸ್ತ್ರ ಕಟ್ಟಿಕೊಂಡು, ಬುತ್ತಿಯ ಗಂಟು ಪಕ್ಕದಲ್ಲಿಟ್ಟುಕೊಂಡು, ಪೂರಾ ತಯಾರಾಗಿ. ಅವನನ್ನು ಕಂಡು ಗಂಟಿನ ಮೇಲೆ ಕೈಯಿಟ್ಟಳು. ದುರಗೇಶನಿಗೆ "ಬರ್ರಿ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ಅಪರೂಪಕ್ಕೆ ಬಂತು. ನುಂಗಿಕೊಂಡ. ನೋಡಿದರೂ ನೂಕಿದಂತಾದೀತೆಂದು ಮುಖವನ್ನು ಆಚೆ ತಿರುಗಿಸಿ ಮುಂದೆ ಹೋದ. ಮುಂದಿನ ಕಟ್ಟೆಯಲ್ಲೂ ಒಬ್ಬಳು, ಬುತ್ತಿಯೊಂದಿಗೆ. ಅದರಾಚೆ ಇಬ್ಬರು. ಓಣಿಯುದ್ದಕ್ಕೂ ಕಟ್ಟೆಗೆ ಒಬ್ಬಿಬ್ಬರಂತೆ ಕೂತಿದ್ದರು. ಅವನು ಎಲ್ಲರೆದುರೂ ಮುಖ ತಿರುಗಿಸುತ್ತ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕತ್ತು ಹೊರಳಿಸುತ್ತ ಓಣಿ ದಾಟಿದ. ಹೊಲಕ್ಕೆ ಬಂದು ಬೇವಿನ ಮರದಡಿ ನಿಂತು ನೋಟುಬುಕ್ಕಿನಲ್ಲಿ ಬರೆದ: "ಗ್ರಾಹಕರ ಸಿದ್ಧತೆ: ಅತ್ಯುತ್ತಮ."

ಏಳಾಯಿತು. ಏಳೂವರೆಯಾಯಿತು. ಹೊಲದಲ್ಲಿ ಕಪ್ಪು ಕಾಯಿಗಳು ಗಾಳಿಗೆ ಗಲಗಲ ಎಂದವು. ಎಂಟಕ್ಕೆ ದಾರಿಯ ಮೇಲೆ ಧೂಳೆದ್ದಿತು. ಪಕ್ಕದ ಊರಿನ ರೈತನೊಬ್ಬನ ಮೂರು ಗಾಲಿಯ ಟಂಟಂ ಗಾಡಿ, ಒಳಗೆ ಒತ್ತಿಕೊಂಡು ಹದಿನಾಲ್ಕೂ ಹೆಣ್ಣುಮಕ್ಕಳು. ಬೇವಿನ ಮರದ ಎದುರಿಗೇ ಗಾಡಿ ಹಾದುಹೋಯಿತು. ದುರಗೇಶ ಕೈಯೆತ್ತಿದ. ದೇವವ್ವ ಅವನನ್ನು ನೋಡಿ, ಮುಖವನ್ನು ಆಚೆ ತಿರುಗಿಸಿದಳು. ಅವಳ ಪಕ್ಕದವಳು ತಿರುಗಿಸಿದಳು. ಕತ್ತುಗಳು ಒಂದಾದ ಮೇಲೊಂದು ಸಾಲಾಗಿ ಆಚೆ ತಿರುಗಿದವು. ಧೂಳು ಇಳಿಯಿತು. ಆಗ ಅಲ್ಲಿ ಉಳಿದ ಮೌನ ಅವನ ಪಟ್ಟಿಯಲ್ಲಿರಲಿಲ್ಲ.

ಅತ್ತೆಯ ಪಡಸಾಲೆಗೆ ಅವನು ಕಾಲೆಳೆದುಕೊಂಡು ಬಂದ.

"ಎಷ್ಟ ಮಂದಿ ಬಂದ್ರೋ?"

"ಹದಿನಾಲ್ಕೂ ಮಿಸ್ಡ್ ಕಾಲ್ ಬಂದಿದ್ದವು ಅತ್ತೀ."

"ಮಂದಿ ಕೇಳಾಕತ್ತೀನಿ. ಮಿಸ್ಡ್ ಕಾಲ್ ಕಾಯಿ ಬಿಡಸ್ತಾವೇನು?"

ದುರಗೇಶ ನಡೆದದ್ದನ್ನು ಹೇಳಿದ. ಕಟ್ಟೆಯ ಮೇಲೆ ಬುತ್ತಿಯಿಟ್ಟುಕೊಂಡು ಕೂತದ್ದು, ತಾನು ಮುಖ ತಿರುಗಿಸಿ ಬಂದದ್ದು, ಟಂಟಂ ಹೋದದ್ದು. ಸಕ್ಕೂಬಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಮುಂಜಾನಿ ಕರೀಲಿಲ್ಲ?"

"ಇಲ್ಲ."

"ಯಾಕ?"

"ಕರೀಬಾರ್ದು ಅಂತ ಐತಿ ಕೋರ್ಸಿನ್ಯಾಗ."

ಅತ್ತೆ ಚಾಚಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಡೆ ಹೊರಳಿ ಕೂತಳು. ಆಮೇಲೆ ಮಗುವಿಗೆ ಅಕ್ಷರ ತಿದ್ದಿಸುವವಳಂತೆ ನಿಧಾನಕ್ಕೆ ಹೇಳಿದಳು: "ಹುಚ್ಚಪ್ಪಾ, ಸಂಜಿಗೆ ಹೇಳೂದು ಬ್ಯಾರೆ, ಮುಂಜಾನಿ ಕರಿಯೂದು ಬ್ಯಾರೆ. ಸಂಜಿಗೆ ಎಲ್ಲಾರೂ ಹೂಂ ಅಂತಾರ. ಮುಂಜಾನಿ ಮನಿ ಮುಂದ ನಿಂತು ಬಾರವಾ, ಹೊತ್ತಾತು ಅಂತ ಹೆಸರ ಹಿಡದು ಕರದ್ರ ಏಳ್ತಾರ. ಕರೀಲಾರದ ತಾವ ಎದ್ದು ಹೊಲಕ್ಕ ಹೋದ್ರ, ಕೂಲಿಗೆ ಬಾಯಿ ಬಿಟಗೊಂಡು ಬಂದ್ಲು ಅಂತ ಮಂದಿ ನಗಂಗಿಲ್ಲೇನು? ಅದೂ ಹೋಗ್ಲಿ. ಬುತ್ತಿ ಕಟಗೊಂಡು ಕುಂತಾರ ಅಂತ ಕಂಡು ಕಂಡು ಮಾರಿ ಹೊಳ್ಳಿಸಿಕೊಂಡು ಹೋದಿ! ನೀವ್ ಬ್ಯಾಡ ಅಂದಂಗಲಾ ಅದು?"

ಆ ಕರೆಯುವ ದನಿಯನ್ನು ಅವನು ಕೇಳಿರಲಿಲ್ಲವೆಂದಲ್ಲ. ಹುಟ್ಟಿದಾಗಿನಿಂದ ಕೇಳಿದ್ದ. ದಿನಾ ಮುಂಜಾನೆ ಹಿಂದಿನ ಓಣಿಯಲ್ಲಿ ಏಳುವ ಆ ಕೂಗಾಟಕ್ಕೆ ಕಂಬಳಿಯೊಳಗಿಂದಲೇ ಶಾಪ ಹಾಕುತ್ತಿದ್ದ. ಬೆಳಗಿನ ಮೌನ ಕೆಡುತ್ತದೆಯೆಂದು ಕಿವಿಗೆ ಹತ್ತಿ ಇಟ್ಟುಕೊಂಡದ್ದೂ ಉಂಟು. ಎಂ.ಎ.ಗೆ ಅವನು ಬರೆದ ಪ್ರಬಂಧದ ವಿಷಯ ಕೃಷಿ ಕೂಲಿಯ ಮಹಿಳೆಯರು. ತೊಂಬತ್ತು ಪುಟ, ಪ್ರಥಮ ದರ್ಜೆ.

"ಈಗೇನ್ ಮಾಡ್ಲಿ ಅತ್ತೀ?"

"ನಂಗೇನ್ ಕೇಳ್ತೀ? ನೋಡ್ಕೋತೀನಿ ಅಂದಾಂವ ನೀನು." ಸಕ್ಕೂಬಾಯಿ ಬಾಗಿಲಾಚೆಯ ಆಕಾಶವನ್ನು ನೋಡಿದಳು. ದನಿ ಇಳಿಯಿತು. "ಇವತ್ತ ಬರಂಗಿಲ್ಲ ಮಳಿ. ನಾಳಿ ಬಿಡಂಗಿಲ್ಲ. ನನ್ನ ಸೊಂಟ ಹೇಳಾಕತ್ತೈತಿ."

ಸಂಜೆ, ಟಂಟಂ ಹೊರಳಿ ಬಂದ ಮೇಲೆ, ಅವನು ನೂರು ಹೆಜ್ಜೆ ನಡೆದ. ಇಪ್ಪತ್ತು ಜನರನ್ನು ಕೇಳಲು ಸುತ್ತಿದ ಮೂರು ತಾಲೂಕಿಗಿಂತ ಆ ದಾರಿ ಉದ್ದವಾಗಿತ್ತು. ದೇವವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ಕಂಡರೂ ಕಾಣದವಳಂತೆ ಬಡಿದಳು. ದುರ್ಗಾ ಚಾಪೆ ಹಾಸಿ ಒಳಗೆ ಹೋದಳು. ದುರಗೇಶ ಕೂತ. ಒಂದು ರೊಟ್ಟಿಯಾಯಿತು. ಎರಡಾಯಿತು. ಬೇರೆಯವರ ಮೌನದಲ್ಲಿ ತಾನು ಕೂಡಿ ಹಾಕಿಸಿಕೊಂಡರೆ ಹೇಗಿರುತ್ತದೆಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಐದನೆಯ ರೊಟ್ಟಿಗೆ ತಡೆಯಲಾರದೆ, "ತಪ್ಪಾತು ದೇವಕ್ಕಾ," ಎಂದ.

"ಯಾರದು?" ಎಂದಳು ದೇವವ್ವ, ತಲೆಯೆತ್ತದೆ. "ಮಾತು ಬರ್ತೈತೇನು ಇಂವಗ? ನಾ ಮೂಗ ಅಂತ ತಿಳದಿದ್ದೆ."

ಒಳಗಿನಿಂದ ದುರ್ಗಾ ನಕ್ಕ ಸದ್ದು ಬಂತು.

"ಎರಡ ಸಲ ಮಿಸ್ಡ್ ಕಾಲ್ ಕೊಟ್ಟಿದ್ದೆ ತಮ್ಮಾ, ಒಂದ ಮುಟ್ಟಿತೋ ಇಲ್ಲೋ ಅಂತ. ಸಕ್ಕೂಬಾಯಿ ಕಾಲ ಮುರಕೊಂಡು ಕುಂತಾಳ, ಪಾಪ, ಹೋಗೂಣು ಅಂತ. ನಸಕಿನ್ಯಾಗ ಎದ್ದು ಬುತ್ತಿ ಕಟ್ಟಿದ್ದೆ. ಓಣಿ ಮಂದಿ ಎಲ್ಲಾ ನೋಡಾಕತ್ತಾರ, ನೀ ಬಂದಿ, ನೋಡ್ದಿ, ಎಮ್ಮಿ ನೊಣಾ ಹೊಡಕೊಂಡಂಗ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಕುತಗಿ ತಿರುವಿಕೊಂಡು ಹೋದಿ. ಏನಂತ ತಿಳಕೋಬೇಕು ನಾವು?"

"ಕರದ್ರ ಪ್ರಯೋಗ ಕೆಡ್ತೈತಿ ಅಂತ..." ಎಂದು ಶುರುಮಾಡಿ ದುರಗೇಶ ನಿಲ್ಲಿಸಿದ. ಆ ಒಲೆಯ ಮುಂದೆ ಆ ವಾಕ್ಯ ಮುಂದೆ ಹೋಗಲಿಲ್ಲ. "ನಾಳಿ ಬರ್ರಿ ಅಕ್ಕಾ. ಮಳಿ ಬಂದ್ರ ಅತ್ತೀದು ಎಲ್ಲಾ ಹೋಕ್ಕೈತಿ."

"ನಾಳಿ ಆ ಟಂಟಂದಾಂವನೂ ಕೇಳ್ಯಾನ."

"ಏನಂದ್ರಿ ಅಂವಗ?"

"ನೋಡ್ತೀವಿ ಅಂದೀನಿ."

"ನಂಗ?"

"ನಿನಗೂ ನೋಡ್ತೀವಿ." ದೇವವ್ವ ರೊಟ್ಟಿ ಮಗುಚಿದಳು. ಆಮೇಲೆ ಹಂಚಿಗೆ ಹೇಳುವವಳಂತೆ, "ಅಂವ ಏಳಕ್ಕ ಬರ್ತಾನ," ಎಂದಳು.

ಶುಕ್ರವಾರ ಮುಂಜಾನೆ ಆರಕ್ಕೆ ದುರಗೇಶ ದೇವವ್ವನ ಕಟ್ಟೆಯ ಮುಂದೆ ನಿಂತಿದ್ದ. ಆಕಾಶ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಗಿಲು ಮುಚ್ಚಿತ್ತು. ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಕ್ಯಾಕರಿಸಿದ. ಒಂದು ನಾಯಿ ಎದ್ದು ಬಂದು ಅವನನ್ನು ನೋಡಿ, ಇದು ಕಚ್ಚುವಂಥದ್ದಲ್ಲ ಎಂದು ಮತ್ತೆ ಮಲಗಿತು. "ದೇವಕ್ಕಾ..." ಎಂದ, ದವಾಖಾನೆಯಲ್ಲಿ ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ.

"ಯಾರೋ ಉಗುಳು ನುಂಗಾಕತ್ತಾರ ನೋಡವಾ ಹೊರಗ," ಎಂದು ಒಳಗಿನಿಂದ ಕೇಳಿಸಿತು.

"ದೇವಕ್ಕಾ, ಬರ್ರಿ."

"ಹಿಂಗ ಕರದ್ರ ಬೆಕ್ಕೂ ಬರಂಗಿಲ್ಲ."

ದುರಗೇಶ ಕಣ್ಣು ಮುಚ್ಚಿಕೊಂಡ. "ದೇವಕ್ಕಾ! ಬಾರವಾ! ಹೊತ್ತಾತು!"

ಆ ಕೂಗು ಅವನದೇ ಎಂದು ನಂಬಲು ಅವನಿಗೆ ಎರಡು ಕ್ಷಣ ಹಿಡಿಯಿತು. ಎದುರುಮನೆಯ ಕಿಟಕಿ ತೆರೆಯಿತು. ಮಾಡಿನ ಪಾರಿವಾಳಗಳು ಹಾರಿದವು. ಬಾಗಿಲು ತೆರೆದು ದೇವವ್ವ ಹೊರಬಂದಳು, ತಲೆಗೆ ವಸ್ತ್ರ, ಕೈಯಲ್ಲಿ ಬುತ್ತಿ. ಎಷ್ಟು ಹೊತ್ತಿನಿಂದ ಬಾಗಿಲ ಹಿಂದೆ ನಿಂತಿದ್ದಳೋ.

"ಮುಂದಿನ ಮನಿ," ಎಂದಳು.

ಮುಂದಿನ ಮನೆಯ ಮುಂದೆ ದುರಗೇಶ ಮತ್ತೆ ಸಿಕ್ಕಿಕೊಂಡ. ಅವನಿಗೆ ಗೊತ್ತಿದ್ದದ್ದು ಗ್ರಾಹಕ ಎರಡು. ಗ್ರಾಹಕ ಎರಡನ್ನು ಏನೆಂದು ಕೂಗುವುದು?

"ಹೆಸರ ಗೊತ್ತಿಲ್ಲ?" ದೇವವ್ವನ ಕಣ್ಣುಗಳು ಅಗಲವಾದವು. "ನೀ ಸಣ್ಣಾಂವ ಇದ್ದಾಗ ನಿನ್ನ ಎತಗೊಂಡು ಹೊಲಾ ಎಲ್ಲಾ ತಿರಗ್ಯಾಳೋ ಅಕಿ! ಮಹೇಶ್ವರಿ ಅನ್ನು."

"ಮಹೇಶ್ವರಕ್ಕಾ! ಬಾರವಾ, ಹೊತ್ತಾತು!"

ಹೀಗೆ ದೇವವ್ವ ಹಿಂದಿನಿಂದ ಮೆಲ್ಲಗೆ ಹೆಸರು ಹೇಳುವುದು, ಅವನು ಮುಂದೆ ನಿಂತು ಜೋರಾಗಿ ಕೂಗುವುದು. ಲಗ್ನದಲ್ಲಿ ಸ್ವಾಮಿಗಳ ಹಿಂದೆ ಮಂತ್ರ ಹೇಳುವ ಮದುಮಗನ ಹಾಗೆ ಅವನು ಓಣಿ ದಾಟಿದ. ಒಬ್ಬೊಬ್ಬರೂ ಎದ್ದು ಬರುವ ಮೊದಲು ಒಂದೊಂದು ಮಾತು ಚುಚ್ಚಿಯೇ ಬಂದರು. "ಇವತ್ತ ಕುತಗಿ ನೆಟ್ಟಗಾತೇನೋ?" ಎಂದಳು ಒಬ್ಬಳು. "ಯವ್ವಾ, ಯಾರ ಮನಿ ಹುಂಜ ಇದು?" ಎಂದಳು ಇನ್ನೊಬ್ಬಳು. ಇಬ್ಬರು ಬರಲೇ ಇಲ್ಲ. ಒಬ್ಬಳಿಗೆ ಜ್ವರ, ಇನ್ನೊಬ್ಬಳು ಟಂಟಂದವನಿಗೆ ಖರೇನೇ ಮಾತು ಕೊಟ್ಟಿದ್ದಳು. ಓಣಿಯ ತುದಿಗೆ ಬಂದಾಗ ಅವನ ಗಂಟಲು ಒಡೆದಿತ್ತು, ಹಿಂದೆ ಹನ್ನೆರಡು ಜನರಿದ್ದರು.

ಹೊಲದಲ್ಲಿ ದೇವವ್ವ ಸಾಲು ಹಂಚಿದಳು. ದುರಗೇಶ ಬೇವಿನ ಮರದ ಕಡೆ ನಡೆದಾಗ ಹಿಂದಿನಿಂದ, "ಎಲ್ಲಿಗಿ? ನೀನೂ ಒಂದ ಸಾಲ ಹಿಡಿ. ಹನ್ನೆರಡ ಮಂದೀಲೆ ಮೂರ ಎಕರೆ ಆಗಂಗಿಲ್ಲ," ಎಂದಳು. ಹೆಣ್ಣುಮಕ್ಕಳು ಕಾಯಿ ತುಂಬಿಕೊಳ್ಳಲು ಸೀರೆಯ ಸೆರಗನ್ನು ಉಡಿ ಕಟ್ಟಿಕೊಂಡರು. ಅವನು ಟವೆಲನ್ನು ಕಟ್ಟಿಕೊಂಡ. ಕಟ್ಟಿದ್ದು ಎರಡು ಸಲ ಬಿಚ್ಚಿ, ಬಿಡಿಸಿದ ಕಾಯಿಯೆಲ್ಲ ಮಣ್ಣಿಗೆ ಬಿತ್ತು. ಅವರ ಕೈಗಳು ಗಿಡದಿಂದ ಗಿಡಕ್ಕೆ ಹಾರುತ್ತಿದ್ದವು. ಅವನು ಒಂದೊಂದು ಕಾಯಿಯನ್ನೂ ಅನುಮತಿ ಕೇಳಿ ಬಿಡಿಸುತ್ತಿದ್ದ. ನಡುಮಧ್ಯಾಹ್ನಕ್ಕೆ ನರಗುಂದದ ಕಡೆ ಗುಡ್ಡವೇ ಕಾಣದಷ್ಟು ಕಪ್ಪಾಯಿತು. ಬುತ್ತಿಯನ್ನು ಅರ್ಧಕ್ಕೇ ಕಟ್ಟಿಟ್ಟು ಎಲ್ಲರೂ ಎದ್ದರು. ಕಾಯಿ ಹರಿಯುವ ಚಟಚಟ ಸದ್ದೊಂದೇ.

ಮೂರರ ಸುಮಾರಿಗೆ ಸಕ್ಕೂಬಾಯಿ ಯಾರದೋ ಎತ್ತಿನ ಚಕ್ಕಡಿ ಹತ್ತಿ ಬಂದು ಬದುವಿನ ಮೇಲೆ ಕಾಲು ಚಾಚಿ ಕೂತು, ತುಂಬಿದ ಚೀಲಗಳನ್ನು ಕಣ್ಣಿನಲ್ಲೇ ಮುಟ್ಟಿ ನೋಡಿದಳು. "ಲಗೂ ಮಾಡ್ರೆವಾ, ನಿಮ್ಮ ಕೈ ಬಂಗಾರಾಗ್ಲಿ," ಎಂದಳು. ಆ ಹೊತ್ತಿಗೆ ಎಲ್ಲರ ಸಾಲುಗಳೂ ಆಚೆಯ ಬದು ಮುಟ್ಟಿದ್ದವು. ಬೋಳಿಸಿದ ತಲೆಯ ನಡುವೆ ಜುಟ್ಟು ಬಿಟ್ಟಂತೆ ಹೊಲದ ನಟ್ಟನಡುವೆ ದುರಗೇಶನ ಸಾಲೊಂದು ನಿಂತಿತ್ತು, ಅರ್ಧಕ್ಕಿಂತ ಹೆಚ್ಚು ಬಾಕಿ.

"ಎಂ.ಎ. ಸಾಲ ನೋಡ್ರೆವಾ," ಎಂದಳು ಮಹೇಶ್ವರಿ.

ಮೊದಲನೆಯ ಹನಿ ಅವನ ಕತ್ತಿನ ಮೇಲೆ ಬಿತ್ತು. ಎರಡನೆಯದು ಕೈಯ ಮೇಲೆ, ಅಂಗೈಯಗಲ. ಬದುವಿನ ಮೇಲೆ ಗದ್ದಲವೆದ್ದಿತು. "ತಾಡಪತ್ರಿ ಹೊಚ್ರಿ!" ಎಂದು ಸಕ್ಕೂಬಾಯಿ ಕೂಗಿದಳು. ಹೆಣ್ಣುಮಕ್ಕಳು ಓಡಿ ಚೀಲಗಳನ್ನು ಒಟ್ಟಿ, ಮೇಲೆ ತಾಡಪತ್ರಿ ಎಳೆದು, ಅಂಚಿಗೆ ಕಲ್ಲಿಟ್ಟರು. ದುರಗೇಶ ತಲೆಯೆತ್ತಲಿಲ್ಲ. ಬೆರಳು ಸೀಳಿತ್ತು. ಇನ್ನು ತನ್ನ ಸಾಲು ಇಲ್ಲಿಯೇ ಮೊಳಕೆಯೊಡೆಯುತ್ತದೆ, ಅದಕ್ಕೊಂದು ಮೌನದ ಹೆಸರು ಹುಡುಕುತ್ತ ತಾನು ಮಾಳಿಗೆ ಹತ್ತುತ್ತೇನೆ ಎಂದುಕೊಂಡ.

ಆಗ ಎದುರಿನಿಂದ ಚಟಚಟ ಸದ್ದು ಬಂತು. ಸಾಲಿನ ಆಚೆಯ ತುದಿಯಿಂದ ದೇವವ್ವ, ಮಹೇಶ್ವರಿ, ದುರ್ಗಾ ಒಬ್ಬರ ಹಿಂದೊಬ್ಬರು ಅವನ ಕಡೆಗೆ ಬಿಡಿಸುತ್ತ ಬರುತ್ತಿದ್ದರು. ತನ್ನದು ಮುಗಿದವರು ಹಿಂದುಳಿದವರ ಸಾಲಿಗೆ ಎದುರಿನಿಂದ ಬಂದು ಕೂಡಿಕೊಳ್ಳುವುದು ಅವರ ರೂಢಿ. ಅದಕ್ಕೆ ಯಾರೂ ಯಾರನ್ನೂ ಕರೆಯಬೇಕಿಲ್ಲ. ಮಳೆ ದಪ್ಪವಾಗುತ್ತಿತ್ತು. ಅವರ ಕೈಗಳು ಹತ್ತಿರ ಹತ್ತಿರ ಬಂದು, ಕೊನೆಗೆ ನಡುವೆ ಉಳಿದದ್ದು ಒಂದೇ ಗಿಡ. ದೇವವ್ವ ಅದಕ್ಕೆ ಕೈ ಚಾಚಿದಳು.

"ಬಿಡಕ್ಕಾ. ಇದೊಂದು ನಾ ಬಿಡಸ್ತೀನಿ," ಎಂದ ದುರಗೇಶ. ಒಡೆದ ಗಂಟಲಿನಿಂದ ಮಾತು ಕಾಗೆಯ ದನಿಯಲ್ಲಿ ಬಂತು.

"ಲಗೂ ಬಿಡಸು ಹಂಗಾರ," ಎಂದಳು ದೇವವ್ವ. ಸೆರಗನ್ನು ಉಡಿಯ ಕಾಯಿಯ ಮೇಲೆ ಮುಚ್ಚಿಕೊಂಡು, ಅವನು ಮುಗಿಸುವವರೆಗೆ ಮಳೆಯಲ್ಲಿ ನಿಂತಳು.